ಪ್ರಾಕ್ಟಿಕಲ್ ಶೂಟಿಂಗ್ ಸ್ಟೇಜಿಗೆ ಟಾರ್ಗೆಟ್ ಕತ್ತರಿಸುವುದು, ಬಣ್ಣ ಬಳಿಯುವುದು, ನಿಲ್ಲಿಸುವುದು: ಸಮಗ್ರ ಮಾರ್ಗದರ್ಶಿ

ಒಂದು ಪಂದ್ಯದಲ್ಲಿ ಬೆಳಗ್ಗೆ ಹೊಡೆದವರಿಗೆ ಸಿಕ್ಕ ಟಾರ್ಗೆಟ್ ಒಂದು, ಊಟ ಆದಮೇಲೆ ಹೊಡೆದವರಿಗೆ ಸಿಕ್ಕಿದ್ದು ಇನ್ನೊಂದು. ಜಾಗ ಅದೇ, ದೂರ ಅದೇ, ಕಂಬ ಅದೇ. ಆದರೆ ಬೆಳಗಿನ ರಟ್ಟು ಹರಿದು ಹೋಗಿತ್ತು ಅಂತ ಯಾರೋ ಹೊಸದು ತಂದು, ಅಂಕವಿಲ್ಲದ ಭಾಗ ಅಂತ ತೋರಿಸಲು ಅದರ ಅರ್ಧಕ್ಕೆ ಕಣ್ಣಂದಾಜಿನಲ್ಲಿ ಕಪ್ಪು ಬಳಿದು ನಿಲ್ಲಿಸಿಬಿಟ್ಟಿದ್ದರು. ಸಂಜೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದಾಗ ಹೊಸದರಲ್ಲಿ ಅಂಕ ಸಿಗುವ ಜಾಗ ಎರಡು ಸೆಂಟಿಮೀಟರ್ ಜಾಸ್ತಿ ಇತ್ತು. ಎರಡು ಸೆಂಟಿಮೀಟರ್ ಏನು ಮಹಾ ಅನಿಸಬಹುದು. 9 ಎಂಎಂ ಗುಂಡಿಗೆ ಅದು ಎರಡು ತೂತಿನಷ್ಟು ಜಾಗ. ಬೆಳಗ್ಗೆ ಹೊಡೆದವರಲ್ಲಿ ನಾನೂ ಇದ್ದೆ, ಅವತ್ತು ನನಗೆ ನಿಜಕ್ಕೂ ಬೇಜಾರಾಯಿತು. ಅಲ್ಲಿಂದ ಮುಂದೆ ಟಾರ್ಗೆಟ್ ತಯಾರಿಸುವ ಕೆಲಸವನ್ನು ನಾನೇ ಕೇಳಿ ಮಾಡಲು ಶುರುಮಾಡಿದೆ.

ಅವತ್ತಿನಿಂದ ಕಲಿತದ್ದನ್ನೆಲ್ಲ ಇಲ್ಲಿ ಬರೆಯುತ್ತಿದ್ದೇನೆ. ಟಾರ್ಗೆಟನ್ನು ಹೇಗಾದರೂ ಕತ್ತರಿಸಿ, ಏನಾದರೂ ಬಳಿಯಿರಿ, ಆದರೆ ಮೊದಲು ಬಂದವರಿಗೂ ಕೊನೆಗೆ ಬಂದವರಿಗೂ ಅದು ಒಂದೇ ಥರ ಕಾಣಬೇಕು, ಎಣಿಸುವವರಿಗೆ ಅದರ ಮೇಲೆ ಅನುಮಾನ ಬರಬಾರದು. ಮುಂದೆ ಹೇಳುವ ಅಳತೆ, ಟೇಪು, ಮೊಳೆ ಎಲ್ಲವೂ ಇದಕ್ಕಾಗಿಯೇ.

ಶುರುಮಾಡುವ ಮೊದಲು ಒಂದು ವಿಷಯ. ನಮ್ಮ ದೇಶದಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆ ಪ್ರಕಾರ ಬಂದೂಕಿಗೆ ಲೈಸೆನ್ಸ್ ಬೇಕು, ಗುಂಡು ಹೊಡೆಯುವ ಅಭ್ಯಾಸಕ್ಕೆ ಅನುಮತಿ ಇರುವ ರೇಂಜೇ ಬೇಕು. ನಮ್ಮ ಕೋಲಾರದ ಕಡೆ ಎಲ್ಲಿ ನೋಡಿದರೂ ಬಂಡೆ, ಹಿಂದೆ ಗುಡ್ಡ ಇದೆಯಲ್ಲ ಸಾಕು ಅಂತ ತೋಟದ ಮೂಲೆಯಲ್ಲಿ ಟಾರ್ಗೆಟ್ ನಿಲ್ಲಿಸುವ ಯೋಚನೆ ಯಾರಿಗಾದರೂ ಬಂದರೆ ದಯವಿಟ್ಟು ಬಿಟ್ಟುಬಿಡಿ. ಕಾನೂನಿನ ಮಾತು ಹಾಗಿರಲಿ, ಬಂಡೆಗೆ ಬಡಿದ ಗುಂಡು ಯಾವ ಕಡೆ ತಿರುಗುತ್ತದೆ ಅಂತ ಯಾರೂ ಹೇಳಲಾರರು. ಹಿಂದೆ ಇರಬೇಕಾದದ್ದು ಕಲ್ಲಿಲ್ಲದ ಎತ್ತರದ ಮಣ್ಣಿನ ದಿಣ್ಣೆ. ಟಾರ್ಗೆಟ್ ತಯಾರಿಸುವ ಕೆಲಸವನ್ನು ಮಾತ್ರ ಮನೆ ಜಗಲಿಯ ಮೇಲೆ ಕೂತು ಆರಾಮಾಗಿ ಮಾಡಬಹುದು.

ಟಾರ್ಗೆಟ್ ಪರಿಚಯ

ಪ್ರಾಕ್ಟಿಕಲ್ ಶೂಟಿಂಗ್‌ನ ಅಂತರರಾಷ್ಟ್ರೀಯ ಸಂಸ್ಥೆ ಐಪಿಎಸ್‌ಸಿ 1976ರಲ್ಲಿ ಅಮೆರಿಕದ ಮಿಸೌರಿ ರಾಜ್ಯದ ಕೊಲಂಬಿಯಾ ಊರಿನಲ್ಲಿ ಶುರುವಾಯಿತು. ಜೆಫ್ ಕೂಪರ್ ಅದರ ಮೊದಲ ಅಧ್ಯಕ್ಷರು. ಈ ಆಟದಲ್ಲಿ ಒಂದೇ ಕಡೆ ನಿಂತು ಒಂದೇ ವೃತ್ತಕ್ಕೆ ಹೊಡೆಯುವುದಿಲ್ಲ. ಓಡಬೇಕು, ಬಾಗಬೇಕು, ಗೋಡೆಯ ಮರೆಯಿಂದ ಇಣುಕಬೇಕು. ಟಾರ್ಗೆಟ್ ರಟ್ಟಿನ ಬಣ್ಣದ್ದು, ಮೂಲೆಗಳನ್ನು ಕತ್ತರಿಸಿದ ಆಕಾರ, ಸುಮಾರು 45 ಸೆಂ.ಮೀ. ಅಗಲ, 57 ಸೆಂ.ಮೀ. ಎತ್ತರ. ಒಳಗೆ ಮೂರು ವಲಯ: ನಡುವೆ ಎ, ಅದರ ಸುತ್ತ ಸಿ, ಹೊರಗೆ ಡಿ. ಎ ವಲಯಕ್ಕೆ ಬಿದ್ದರೆ 5 ಅಂಕ. ಸಿ ವಲಯಕ್ಕೆ ಮೇಜರ್, ಅಂದರೆ ಹೆಚ್ಚು ಶಕ್ತಿಯ ಗುಂಡಾದರೆ 4, ಮೈನರ್, ಅಂದರೆ ಕಡಿಮೆ ಶಕ್ತಿಯದ್ದಾದರೆ 3. ಡಿ ವಲಯಕ್ಕೆ 2 ಅಥವಾ 1. ಹೊರ ಅಂಚಿನಲ್ಲಿ ಅರ್ಧ ಸೆಂಟಿಮೀಟರ್ ಪಟ್ಟಿ ಇದೆ, ಅದಕ್ಕೆ ಅಂಕವಿಲ್ಲ. ಈ ಅರ್ಧ ಸೆಂಟಿಮೀಟರನ್ನು ನೆನಪಿಟ್ಟುಕೊಳ್ಳಿ, ಕತ್ತರಿಸುವಾಗ ಮತ್ತೆ ಬರುತ್ತದೆ.

ಒಟ್ಟು ಅಂಕವನ್ನು ತೆಗೆದುಕೊಂಡ ಸೆಕೆಂಡುಗಳಿಂದ ಭಾಗಿಸುತ್ತಾರೆ. ಬಂದ ಸಂಖ್ಯೆಗೆ ಹಿಟ್ ಫ್ಯಾಕ್ಟರ್ ಅನ್ನುತ್ತಾರೆ. ಆರು ಟಾರ್ಗೆಟ್, ಒಂದೊಂದಕ್ಕೆ ಎರಡೆರಡು, ಒಟ್ಟು 12 ಗುಂಡಿನ ಸಣ್ಣ ಸ್ಟೇಜ್ (ಪಂದ್ಯದ ಒಂದು ಸುತ್ತು) ಅಂದುಕೊಳ್ಳಿ. ಎಲ್ಲವೂ ಎ ಆದರೆ 60 ಅಂಕ, 12 ಸೆಕೆಂಡಿನಲ್ಲಿ ಮುಗಿಸಿದರೆ ಹಿಟ್ ಫ್ಯಾಕ್ಟರ್ 5. ಈಗ ಒಂದು ಗುಂಡು ತಪ್ಪಿ ಪೂರ್ತಿಯಾಗಿ ಬಿಳಿ ನೋ-ಶೂಟ್, ಅಂದರೆ ಹೊಡೆಯಬಾರದ ಟಾರ್ಗೆಟ್ ಮೇಲೆ ಬಿತ್ತು. ಸಿಗಬೇಕಿದ್ದ 5 ಹೋಯಿತು, ಗುರಿ ತಪ್ಪಿದ್ದಕ್ಕೆ 10 ಹೋಯಿತು, ನೋ-ಶೂಟ್‌ಗೆ ಬಡಿದದ್ದಕ್ಕೆ ಇನ್ನೊಂದು 10. ಒಟ್ಟು 25. ಉಳಿದದ್ದು 35, ಹಿಟ್ ಫ್ಯಾಕ್ಟರ್ ಸುಮಾರು 2.9ಕ್ಕೆ ಇಳಿಯಿತು. ಒಂದೇ ಒಂದು ಗುಂಡಿಗೆ ಇಷ್ಟು. ಆದ್ದರಿಂದಲೇ ನೋ-ಶೂಟ್ ಅಂಟಿಸುವಾಗ ಕೈ ಅಲ್ಲಾಡಬಾರದು ಅನ್ನುವುದು. ನೀವು ಒಂದು ಸೆಂಟಿಮೀಟರ್ ಆಚೀಚೆ ಮಾಡಿದರೆ ಯಾರದೋ ಇಡೀ ದಿನದ ಫಲಿತಾಂಶ ಬದಲಾಗುತ್ತದೆ.

ಸಾಮಾನು

ರಟ್ಟು ಮೊದಲು. ಪಂದ್ಯಕ್ಕೆ ಅಧಿಕೃತ ಅಚ್ಚಿನ ಟಾರ್ಗೆಟ್ಟೇ ಬೇಕು. ಅಭ್ಯಾಸಕ್ಕೆ ನಾನು ಫ್ರಿಜ್, ವಾಷಿಂಗ್ ಮೆಷಿನ್ ಬಂದ ದೊಡ್ಡ ಡಬ್ಬಗಳನ್ನು ಅಂಗಡಿಯವರಿಂದ ಕೇಳಿ ತರುತ್ತೇನೆ. ಹಣ್ಣಿನ ಡಬ್ಬಗಳೂ ಸಿಗುತ್ತವೆ, ಆದರೆ ಅವುಗಳಿಗೆ ಗಾಳಿಯಾಡಲು ತೂತು ಇರುತ್ತದೆ, ಮೇಲೆ ಬಣ್ಣದ ಚಿತ್ರ ಬೇರೆ. ಗುಂಡಿನ ತೂತು ಯಾವುದು, ಮೊದಲೇ ಇದ್ದದ್ದು ಯಾವುದು ಅಂತ ಗೊತ್ತಾಗದ ರಟ್ಟು ನಮಗೆ ಬೇಡ.

ರಟ್ಟಿನ ಒಳಗೆ ಅಲೆ ಅಲೆಯಾಗಿ ಕಾಗದ ಇರುತ್ತದಲ್ಲ, ಆ ಅಲೆ ಮೇಲಿಂದ ಕೆಳಗೆ ಹೋಗುವಂತೆ ಕತ್ತರಿಸಿ. ಅಡ್ಡಡ್ಡ ಕತ್ತರಿಸಿದರೆ ಕೋಲಿನ ಮೇಲೆ ಚಾಚಿಕೊಂಡ ಮೇಲ್ಭಾಗ ಮಧ್ಯಾಹ್ನದ ಹೊತ್ತಿಗೆ ಮುಂದಕ್ಕೆ ಬಾಗಿ ನಮಸ್ಕಾರ ಮಾಡುವ ಥರ ನಿಲ್ಲುತ್ತದೆ, ಬಾಗಿದ ಟಾರ್ಗೆಟ್‌ನ ಎ ವಲಯ ಬೆಳಗಿನ ಎ ವಲಯಕ್ಕಿಂತ ಗಿಡ್ಡ ಕಾಣುತ್ತದೆ.

ಕೋಲಿಗೆ ರೀಪರ್. ನಮ್ಮ ಕಡೆ ನೀಲಗಿರಿ ಧಾರಾಳವಾಗಿ ಸಿಗುತ್ತದೆ, ಆದರೆ ಹಸಿ ನೀಲಗಿರಿ ಒಣಗುವಾಗ ತಿರುಚಿಕೊಳ್ಳುತ್ತದೆ. ಒಮ್ಮೆ ಹಸಿಯದನ್ನೇ ಸೀಳಿಸಿ ತಂದೆ, ಹದಿನೈದು ದಿನದಲ್ಲಿ ಅರ್ಧಕ್ಕರ್ಧ ಬಿಲ್ಲಿನಂತಾದವು. ಒಣಗಿದ ಮರದ್ದೇ ಕೇಳಿ ತನ್ನಿ. ಒಂದಿಂಚು ಅಗಲದ್ದು ಸಾಕು. ಕಬ್ಬಿಣದ ಪೈಪ್ ಬೇಡ, ಗುಂಡು ಬಡಿದರೆ ಚೂರು ಹಾರುತ್ತದೆ. ಬುಡದ ಸ್ಟ್ಯಾಂಡ್ ಕಬ್ಬಿಣದ್ದಾಗಿದ್ದರೆ ಅದರ ಮುಂದೆ ಮಣ್ಣು ತುಂಬಿದ ಚೀಲ ಇಟ್ಟು ಮುಚ್ಚಿ.

ಉಳಿದದ್ದು: ಪೇಪರ್ ಕಟರ್ ಮತ್ತು ಒಂದು ಡಬ್ಬಿ ಬ್ಲೇಡು, ಸ್ಟೀಲಿನ ಅಳತೆ ಪಟ್ಟಿ, ಅಡಿಗೆ ಹಾಕಲು ಹಳೆ ಪ್ಲೈವುಡ್, ಸೋಫಾ ಹೊಲಿಯುವವರು ಬಳಸುವ ಟ್ಯಾಕರ್, ಕಾಗದದ ಮಾಸ್ಕಿಂಗ್ ಟೇಪು, ಕಪ್ಪು ಮತ್ತು ಬಿಳಿ ಬಣ್ಣ, ನಾಲ್ಕಿಂಚಿನ ರೋಲರ್. ಪಾರ್ಸೆಲ್‌ಗೆ ಹಾಕುವ ಹೊಳೆಯುವ ಪ್ಲಾಸ್ಟಿಕ್ ಟೇಪ್ ತರಬೇಡಿ. ಬಿಸಿಲಿಗೆ ಮಿಂಚುತ್ತದೆ, ಗುಂಡು ಹೋದರೆ ಹಿಗ್ಗಿ ಮತ್ತೆ ಮುಚ್ಚಿಕೊಳ್ಳುತ್ತದೆ, ತೂತಿನ ಅಂಚು ಸರಿಯಾಗಿ ಕಾಣುವುದಿಲ್ಲ.

ಅಚ್ಚು ಮಾಡಿಕೊಳ್ಳಿ, ಇದನ್ನು ಮಾತ್ರ ಬಿಡಬೇಡಿ

ಕತ್ತರಿ ಹಿಡಿಯುವ ಮೊದಲು ಅಚ್ಚು. ತೆಳುವಾದ, ಮೂರು ಎಂಎಂ ಪ್ಲೈವುಡ್ ಹಾಳೆ ತಂದು ಅದರ ಮೇಲೆ ಅಧಿಕೃತ ಟಾರ್ಗೆಟ್ ಇಟ್ಟು ಸುತ್ತ ಗೆರೆ ಎಳೆಯಿರಿ. ಒಳಗಿನ ಎ, ಸಿ ಗೆರೆಗಳ ಮೂಲೆಗಳಿಗೆ ದಪ್ಪ ಸೂಜಿ ಚುಚ್ಚಿ ಗುರುತು ಮಾಡಿ, ಆಮೇಲೆ ಪಟ್ಟಿ ಇಟ್ಟು ಜೋಡಿಸಿ. ಬಡಗಿಯವರ ಹತ್ತಿರ ಹೋಗಿ ಹೊರ ಆಕಾರವನ್ನು ಗರಗಸದಿಂದ ಕತ್ತರಿಸಿಕೊಂಡು ಬನ್ನಿ. ಇದು ತಾಯಿ ಅಚ್ಚು.

ಆಮೇಲೆ ನಿಮ್ಮ ಸ್ಟೇಜಿಗೆ ಯಾವ ಯಾವ ಮಾರ್ಪಾಡು ಬೇಕೋ ಅದಕ್ಕೊಂದೊಂದು ಮರಿ ಅಚ್ಚು. ಬಲಗಡೆ ಅರ್ಧ ಕಪ್ಪು ಆಗಬೇಕಾದರೆ ಆ ಅರ್ಧದ್ದೇ ಒಂದು ತುಂಡು. ಓರೆಯಾಗಿ ಕಪ್ಪು ಬೇಕಾದರೆ ಆ ಓರೆ ತುಂಡು. ಪ್ರತಿ ಮರಿ ಅಚ್ಚಿನ ಮೇಲೂ ಮಾರ್ಕರ್‌ನಲ್ಲಿ ಸ್ಟೇಜ್ ಸಂಖ್ಯೆ, ಟಾರ್ಗೆಟ್ ಸಂಖ್ಯೆ, "ಈ ಕಡೆ ಮೇಲೆ" ಅಂತ ಬಾಣದ ಗುರುತು. ಬಾಣದ ಗುರುತು ಯಾಕೆ ಅಂದರೆ, ಗಡಿಬಿಡಿಯಲ್ಲಿ ಅಚ್ಚನ್ನು ಮಗುಚಿ ಇಟ್ಟರೆ ಎಡಗಡೆ ಕಪ್ಪಾಗಬೇಕಾದದ್ದು ಬಲಗಡೆ ಆಗಿರುತ್ತದೆ, ಗೋಡೆಯ ಮರೆಯಿಂದ ಇಣುಕುವ ಶೂಟರ್‌ಗೆ ಆಗ ಸ್ಟೇಜೇ ಬೇರೆ.

ಒಂದು ಅಚ್ಚಿಗೆ ಅರ್ಧ ಗಂಟೆ ಹಿಡಿಯುತ್ತದೆ. ಆದರೆ ಪಂದ್ಯದ ದಿನ ರಟ್ಟು ಹರಿದು ಬದಲಾಯಿಸಬೇಕಾದಾಗ ಎರಡು ನಿಮಿಷದಲ್ಲಿ ಅದೇ ಟಾರ್ಗೆಟ್ ಮತ್ತೆ ತಯಾರು. ಒಂದೊಂದಕ್ಕೆ ಕನಿಷ್ಠ ಎರಡು ಬದಲಿ ಹಿಂದಿನ ದಿನವೇ ಮಾಡಿಟ್ಟುಕೊಂಡರೆ ಇನ್ನೂ ಒಳ್ಳೆಯದು. ನಾನು ಮೊದಲು ಹೇಳಿದ ಆ ಪಂದ್ಯದಲ್ಲಿ ಇಲ್ಲದೇ ಹೋದದ್ದು ಇದೇ.

ಕತ್ತರಿಸುವುದು

ಟಾರ್ಗೆಟ್‌ನ ಒಂದು ಭಾಗ ಯಾವುದೋ ಗಟ್ಟಿ ವಸ್ತುವಿನ ಹಿಂದೆ ಇದೆ ಅಂತ ತೋರಿಸಲು ನಿಯಮದಲ್ಲಿ ಮೂರು ದಾರಿ ಇವೆ. ನಿಜವಾಗಿಯೇ ಏನಾದರೂ ಅಡ್ಡ ಇಡಬಹುದು, ಆ ಭಾಗವನ್ನು ಕತ್ತರಿಸಿ ತೆಗೆಯಬಹುದು, ಅಥವಾ ಎದ್ದು ಕಾಣುವ ಒಂದೇ ಬಣ್ಣ ಬಳಿದು ಇಲ್ಲವೇ ಟೇಪು ಹಚ್ಚಿ ಮುಚ್ಚಬಹುದು. ಗಟ್ಟಿ ಮರೆಗೆ ಹಾರ್ಡ್ ಕವರ್ ಅನ್ನುತ್ತಾರೆ. ಅದರ ಮೂಲಕ ಪೂರ್ತಿಯಾಗಿ ತೂರಿ ಹೋದ ಗುಂಡಿಗೆ ಅಂಕವಿಲ್ಲ.

ಕತ್ತರಿಸುವುದು ಎಲ್ಲಕ್ಕಿಂತ ಸುಲಭ ಅನಿಸುತ್ತದೆ, ತಪ್ಪು ಆಗುವುದೂ ಇಲ್ಲೇ ಜಾಸ್ತಿ. ಅಚ್ಚು ಇಟ್ಟು, ಸ್ಟೀಲ್ ಪಟ್ಟಿ ಒತ್ತಿ ಹಿಡಿದು, ಕಟರನ್ನು ಒಂದೇ ಸಲ ಜೋರಾಗಿ ಎಳೆಯದೆ ಎರಡು ಮೂರು ಸಲ ಹಗುರವಾಗಿ ಎಳೆಯಿರಿ. ಪಟ್ಟಿ ಹಿಡಿದ ಬೆರಳು ಬ್ಲೇಡಿನ ದಾರಿಯಲ್ಲಿ ಇರಬಾರದು. ಮೊಂಡಾದ ಬ್ಲೇಡು ಅಲೆಯ ಕಾಗದವನ್ನು ಕಚ್ಚಿ ಹರಿಯುತ್ತದೆ, ಹತ್ತು ಟಾರ್ಗೆಟ್‌ಗೆ ಒಮ್ಮೆ ತುದಿ ಮುರಿದು ಹೊಸ ಅಂಚು ತೆಗೆಯಿರಿ.

ಈಗ ಆ ಅರ್ಧ ಸೆಂಟಿಮೀಟರ್. ಹೊಸದಾಗಿ ಕತ್ತರಿಸಿದ ಅಂಚಿಗೆ ಅಂಕವಿಲ್ಲದ ಪಟ್ಟಿ ಇರುವುದಿಲ್ಲ, ಯಾಕೆಂದರೆ ಮೂಲ ಪಟ್ಟಿಯನ್ನು ನೀವು ಕತ್ತರಿಸಿ ಬಿಸಾಡಿದ್ದೀರಿ. ಹಾಗಾಗಿ ಕತ್ತರಿಸಿದ ಅಂಚಿನಿಂದ ಅರ್ಧ ಸೆಂಟಿಮೀಟರ್ ಒಳಗೆ, ಆ ಅಂಚಿನ ಉದ್ದಕ್ಕೂ, ಹೊಸ ಗೆರೆ ಎಳೆಯಬೇಕು. ನಿಯಮವೂ ಇದನ್ನೇ ಹೇಳುತ್ತದೆ. ಗೆರೆ ಇಲ್ಲದಿದ್ದರೆ ಅಂಚನ್ನು ಸ್ವಲ್ಪ ಕಚ್ಚಿ ಹೋದ ಗುಂಡು ಎಣಿಕೆಗೆ ಬರುತ್ತೋ ಇಲ್ಲವೋ ಅಂತ ಹತ್ತು ಜನ ಹತ್ತು ಮಾತಾಡುತ್ತಾರೆ. ಪೆನ್ಸಿಲ್ ಅಥವಾ ತೆಳುವಾದ ಬಾಲ್‌ಪೆನ್ ಸಾಕು, ದಪ್ಪ ಮಾರ್ಕರ್ ಬೇಡ. ಗೆರೆ ದೂರದಿಂದ ಕಾಣಬಾರದು, 10 ಮೀಟರ್ ಆಚೆಯಿಂದ ಕಾಣದಷ್ಟು ಸಣ್ಣಗಿರಬೇಕು, ಇಲ್ಲದಿದ್ದರೆ ಅದು ಶೂಟರ್‌ಗೆ ಗುರಿಯಿಡಲು ಸಹಾಯ ಮಾಡುತ್ತದೆ. ಬಿಳಿ ನೋ-ಶೂಟ್ ಅನ್ನು ಕತ್ತರಿಸಿದಾಗಲೂ ಹೀಗೇ ಗೆರೆ ಎಳೆಯಿರಿ. ಇದನ್ನು ತುಂಬ ಜನ ಮರೆಯುತ್ತಾರೆ.

ಏನು ಕತ್ತರಿಸಿದರೂ ಎ ವಲಯ ಪೂರ್ತಿ ಮಾಯವಾಗಬಾರದು. ಎ ವಲಯದ ಸ್ವಲ್ಪ ಭಾಗವಾದರೂ ಉಳಿಯಲೇಬೇಕು ಅನ್ನುವುದು ನಿಯಮ. ನನ್ನ ಅಭಿಪ್ರಾಯ ಕೇಳಿದರೆ ಸ್ವಲ್ಪ ಸಾಲದು, ಮೂರನೇ ಒಂದು ಭಾಗವಾದರೂ ಬಿಡಿ. ಬೆರಳಗಲ ಎ ಬಿಟ್ಟರೆ ಅದಕ್ಕೆ ಬಿದ್ದ ಗುಂಡು ಕೌಶಲ್ಯಕ್ಕಿಂತ ಅದೃಷ್ಟದ್ದಾಗುತ್ತದೆ.

ಬಣ್ಣ ಬಳಿಯುವುದು

ನನಗೆ ಕತ್ತರಿಸುವುದಕ್ಕಿಂತ ಬಣ್ಣವೇ ಇಷ್ಟ. ರಟ್ಟು ಪೂರ್ತಿ ಇರುವುದರಿಂದ ಗಾಳಿಗೆ ಗಟ್ಟಿಯಾಗಿ ನಿಲ್ಲುತ್ತದೆ, ತಪ್ಪಿದ ಗುಂಡು ಎಲ್ಲಿಗೆ ಹೋಯಿತು ಅಂತ ಕಪ್ಪಿನ ಮೇಲೇ ಕಾಣುತ್ತದೆ. ಕತ್ತರಿಸಿದ್ದರಲ್ಲಿ ತಪ್ಪಿದ ಗುಂಡು ಮಣ್ಣಿಗೆ ಹೋಯಿತು ಅಷ್ಟೇ, ಶೂಟರ್‌ಗೆ ಕಲಿಯಲು ಏನೂ ಉಳಿಯುವುದಿಲ್ಲ.

ಅಚ್ಚು ಇಟ್ಟು ಪೆನ್ಸಿಲ್ ಗೆರೆ ಎಳೆದು, ಗೆರೆಯ ಉದ್ದಕ್ಕೂ ಮಾಸ್ಕಿಂಗ್ ಟೇಪು ಹಚ್ಚಿ, ಅಂಚನ್ನು ಉಗುರಿನಿಂದ ಚೆನ್ನಾಗಿ ಒತ್ತಿ. ಆಮೇಲೆ ರೋಲರ್‌ನಲ್ಲಿ ತೆಳುವಾಗಿ ಒಂದು ಕೋಟ್. ಒಣಗಿದ ಮೇಲೆ ಇನ್ನೊಂದು. ಒಂದೇ ಸಲ ದಪ್ಪಗೆ ಬಳಿದರೆ ರಟ್ಟು ನೀರು ಕುಡಿದು ಹಪ್ಪಳದಂತೆ ಮುದುಡುತ್ತದೆ. ಎರಡನೇ ಕೋಟ್ ಸ್ವಲ್ಪ ಹಸಿಯಿರುವಾಗಲೇ ಟೇಪನ್ನು ಓರೆಯಾಗಿ ಎಳೆದು ತೆಗೆಯಿರಿ. ಪೂರ್ತಿ ಒಣಗಿದ ಮೇಲೆ ತೆಗೆದರೆ ರಟ್ಟಿನ ಸಿಪ್ಪೆಯೂ ಟೇಪಿನ ಜೊತೆ ಬರುತ್ತದೆ. ಸ್ಪ್ರೇ ಡಬ್ಬಿ ಬೇಗ ಆಗುತ್ತದೆ ನಿಜ, ಆದರೆ ಗಾಳಿಯಲ್ಲಿ ಬಣ್ಣದ ಧೂಳು ಹಾರಿ ಅಂಚು ಮಬ್ಬಾಗುತ್ತದೆ. ಎಲ್ಲಿಗೆ ಕಪ್ಪು ಮುಗಿಯಿತು, ಎಲ್ಲಿಂದ ರಟ್ಟಿನ ಬಣ್ಣ ಶುರುವಾಯಿತು ಅಂತ ಸ್ಪಷ್ಟವಿಲ್ಲದ ಟಾರ್ಗೆಟ್ ಪಂದ್ಯಕ್ಕೆ ಬಾರದು.

ಹೊಳಪಿಲ್ಲದ ಬಣ್ಣವೇ ಇರಲಿ. ಕೋಲಾರದ ಬೆಳಗಿನ ಬಿಸಿಲು ಹೊಳೆಯುವ ಎನಾಮೆಲ್ ಮೇಲೆ ಬಿದ್ದರೆ ಕಪ್ಪು ಭಾಗ ಬಿಳಿಯಾಗಿ ಕಾಣುತ್ತದೆ. ಬಿಳಿ ನೋ-ಶೂಟ್‌ಗೆ ಸುಣ್ಣ ಬಳಿದು ನೋಡಿದ್ದೇನೆ, ಒಣಗಿ ಉದುರುತ್ತದೆ, ಕೈಗೆ ಬಟ್ಟೆಗೆಲ್ಲ ಅಂಟುತ್ತದೆ, ಬೇಡ. ಡಿಸ್ಟೆಂಪರ್ ಪರವಾಗಿಲ್ಲ. ಅಚ್ಚಾದ ಟಾರ್ಗೆಟ್‌ಗಳಲ್ಲಿ ಹಿಂಬದಿ ಬಿಳಿ ಇದ್ದರೆ ಸುಮ್ನೆ ತಿರುಗಿಸಿ ಹಾಕಿದರೆ ನೋ-ಶೂಟ್ ತಯಾರು, ಬಣ್ಣದ ಕೆಲಸವೇ ಇಲ್ಲ.

ಯಾವ ಭಾಗಕ್ಕೆ ಬಣ್ಣ? ಕೆಳಗಿನ ಅರ್ಧ ಕಪ್ಪು ಮಾಡಿದರೆ ಟ್ರಿಗರ್ ಎಳೆಯುವಾಗ ಮೂತಿ ಕೆಳಕ್ಕೆ ಅದುಮುವ ಅಭ್ಯಾಸ ಇರುವವರು ಸಿಕ್ಕಿಬೀಳುತ್ತಾರೆ. ಹೊಸಬರ ಸ್ಟೇಜಿನಲ್ಲಿ ಇದನ್ನು ಹತ್ತಿರದಲ್ಲಿ, 5 ರಿಂದ 7 ಮೀಟರ್‌ನಲ್ಲಿ ಇಡುತ್ತೇನೆ, ಅವರಿಗೆ ತಮ್ಮ ಕೈಯ ತಪ್ಪು ಅಲ್ಲೇ ಕಣ್ಣಿಗೆ ಬೀಳುತ್ತದೆ. ಉದ್ದಕ್ಕೆ ಅರ್ಧ ಕಪ್ಪು ಮಾಡಿದರೆ ಗುರಿಯಿಡುವ ಜಾಗ ಟಾರ್ಗೆಟ್‌ನ ನಡುವಿನಿಂದ ಪಕ್ಕಕ್ಕೆ ಸರಿಯುತ್ತದೆ. ಅಭ್ಯಾಸವಿಲ್ಲದವರು ಹಳೆ ನಡುವಿಗೇ ಗುರಿಯಿಟ್ಟು ಅರ್ಧ ಗುಂಡುಗಳನ್ನು ಕಪ್ಪಿಗೆ ಹಾಕುತ್ತಾರೆ. ಎರಡೂ ಬದಿ ಕಪ್ಪು ಮಾಡಿ ನಡುವೆ ಪಟ್ಟಿ ಬಿಟ್ಟರೆ ನೋಡಲು ಭಯ ಹುಟ್ಟಿಸುತ್ತದೆ, ನಿಜದಲ್ಲಿ ಸುಲಭ, ಯಾಕೆಂದರೆ ಎ ವಲಯ ಸರಿಯಾಗಿ ಪಟ್ಟಿಯೊಳಗೇ ಇದೆ. ಎಲ್ಲಕ್ಕಿಂತ ಕಷ್ಟ ಓರೆ ಕಪ್ಪು. ಅಲ್ಲಿ ಅಡ್ಡಕ್ಕೂ ಉದ್ದಕ್ಕೂ ಎರಡೂ ಕಡೆ ಲೆಕ್ಕ ಹಾಕಬೇಕು, ಓಡುತ್ತಾ ಬಂದವರಿಗೆ ಅಷ್ಟು ಹೊತ್ತು ಎಲ್ಲಿದೆ?

ಆದರೆ ಎಲ್ಲ ಟಾರ್ಗೆಟ್‌ಗೂ ಕಪ್ಪು ಬಳಿಯಬೇಡಿ. ಆರರಲ್ಲಿ ಎರಡು ಸಾಕು. ಪೂರ್ತಿ ತೆರೆದ ಟಾರ್ಗೆಟ್‌ನಲ್ಲಿ ವೇಗ ಹಿಡಿದವರು ಅರ್ಧ ಮುಚ್ಚಿದ್ದನ್ನು ಕಂಡು ತಡೆದು ನಿಧಾನಿಸಬೇಕು. ಎಲ್ಲವೂ ಅರ್ಧ ಮುಚ್ಚಿದ್ದರೆ ಎಲ್ಲರೂ ಮೊದಲಿಂದ ಕೊನೆವರೆಗೆ ಒಂದೇ ನಿಧಾನದಲ್ಲಿ ಹೊಡೆಯುತ್ತಾರೆ.

ನೋ-ಶೂಟ್ ಅಂಟಿಸುವುದು

ಇಲ್ಲಿ ಒಂದೇ ಮಾತು: ಅಂತರ ಬಿಡಬೇಡಿ. ಬಿಳಿ ರಟ್ಟನ್ನು ಕಂದು ರಟ್ಟಿನ ಮೇಲೆ ಚಪ್ಪಟೆಯಾಗಿ ಕೂರಿಸಿ ಟ್ಯಾಕರ್‌ನಲ್ಲಿ ನಾಲ್ಕೂ ಕಡೆ ಹೊಡೆಯಿರಿ. ಬೇರೆ ಕೋಲಿನ ಮೇಲೆ ಮುಂದೆ ನಿಲ್ಲಿಸಿದರೆ ಏನಾಗುತ್ತದೆ ನೋಡಿ. ಎರಡರ ನಡುವೆ 30 ಸೆಂ.ಮೀ. ಅಂತರ ಇದೆ, ಶೂಟರ್ 45 ಡಿಗ್ರಿ ಪಕ್ಕದಿಂದ ನೋಡುತ್ತಾರೆ ಅಂದುಕೊಳ್ಳಿ. ಆಗ ನೋ-ಶೂಟ್ ಮುಚ್ಚುವ ಜಾಗ 30 ಸೆಂ.ಮೀ. ಪಕ್ಕಕ್ಕೆ ಸರಿಯುತ್ತದೆ. 45 ಸೆಂ.ಮೀ. ಅಗಲದ ಟಾರ್ಗೆಟ್‌ನಲ್ಲಿ 30 ಅಂದರೆ ಏನೂ ಉಳಿಯಲಿಲ್ಲ ಅಂತಲೇ ಅರ್ಥ. ಒಂದು ಹೆಜ್ಜೆ ಆಚೆ ನಿಂತವರಿಗೆ ಬೇರೆಯದೇ ಟಾರ್ಗೆಟ್ ಕಾಣುತ್ತದೆ. ಬೇಕೆಂದೇ ಹಾಗೆ ಮಾಡುವ ಸ್ಟೇಜುಗಳೂ ಇವೆ, ಎಲ್ಲಿ ನಿಂತರೆ ಚೆನ್ನಾಗಿ ಕಾಣುತ್ತದೆ ಅಂತ ಶೂಟರ್ ಹುಡುಕಲಿ ಅಂತ. ಆಗ ಎರಡೂ ಕೋಲುಗಳ ಜಾಗಕ್ಕೆ ನೆಲದಲ್ಲಿ ಗೂಟ ಹೊಡೆದು ಗುರುತು ಮಾಡಿ, ಯಾರಾದರೂ ಎಡವಿದರೂ ಮತ್ತೆ ಅಲ್ಲೇ ನಿಲ್ಲಬೇಕು.

ಎಣಿಕೆಯಲ್ಲಿ ಟಾರ್ಗೆಟ್ ತೂರಿ ಹೋಗದ ವಸ್ತು ಅಂತಲೇ ಲೆಕ್ಕ. ಗುಂಡು ಪೂರ್ತಿಯಾಗಿ ನೋ-ಶೂಟ್‌ನ ಒಳಗೆ ಬಿದ್ದು ಹಿಂದಿನದಕ್ಕೂ ತೂರಿದರೆ ಹಿಂದಿನದಕ್ಕೆ ಅಂಕವಿಲ್ಲ. ಗೆರೆಯ ಮೇಲೆ ಅರ್ಧ ಬಿಳಿ, ಅರ್ಧ ಕಂದು ಮುಟ್ಟಿದರೆ ಎರಡೂ ಎಣಿಕೆಗೆ ಬರುತ್ತವೆ, ಅಂಕವೂ ಉಂಟು, ದಂಡವೂ ಉಂಟು. ಅದಕ್ಕೇ ಬಿಳಿ ರಟ್ಟಿನ ಅಂಚು ಎಬ್ಬಿಕೊಂಡಿರಬಾರದು. ಅಂಚಿನಿಂದ ಎರಡು ಬೆರಳು ಒಳಗೆ ಪಿನ್ ಹೊಡೆದರೆ ಸಾಕು, ಸರಿಯಾಗಿ ಅಂಚಿಗೇ ಹೊಡೆದರೆ ಪಿನ್ನಿನ ತೂತು ಗುಂಡಿನ ತೂತಿನ ಜೊತೆ ಬೆರೆಯುತ್ತದೆ.

ಮರೆ ಮತ್ತು ಗೋಡೆ

ನಮ್ಮ ಜಿಲ್ಲೆಯಲ್ಲಿ ಟೊಮೆಟೊ ಕ್ರೇಟ್ ಇಲ್ಲದ ಮನೆ ಕಡಿಮೆ. ಸ್ಟೇಜ್ ಕಟ್ಟಲು ಅವು ಚೆನ್ನಾಗಿ ಕಾಣುತ್ತವೆ, ಆದರೆ ಟಾರ್ಗೆಟ್‌ನ ಮುಂದೆ ಮಾತ್ರ ಇಡಬೇಡಿ. ಗುಂಡು ಬಡಿದರೆ ಪ್ಲಾಸ್ಟಿಕ್ ಒಡೆದು ಚೂರಾಗುತ್ತದೆ, ಎರಡನೇ ಶೂಟರ್ ಬರುವಷ್ಟರಲ್ಲಿ ಮರೆಯೇ ಇರುವುದಿಲ್ಲ. ಶೂಟರ್ ನಿಲ್ಲುವ ಜಾಗದ ಗುರುತಿಗೆ, ಮ್ಯಾಗಜೀನ್ ಇಡುವ ಮೇಜಿನ ಬದಲಿಗೆ ಬಳಸಿ.

ತೋಟಕ್ಕೆ ಹಾಕುವ ಹಸಿರು ಶೇಡ್ ನೆಟ್ ಗೋಡೆ ಮಾಡಲು ಬಹಳ ಒಳ್ಳೆಯದು. ಅಗ್ಗ, ಹಗುರ, ಗಾಳಿ ಹಾದುಹೋಗುತ್ತದೆ, ಆಚೆ ಯಾರಾದರೂ ಇದ್ದರೆ ಕಾಣುತ್ತದೆ. ಗೋಡೆಯನ್ನು ಹಾರ್ಡ್ ಕವರ್ ಅಂತ ಬ್ರೀಫಿಂಗ್‌ನಲ್ಲಿ, ಅಂದರೆ ಹೊಡೆಯುವ ಮೊದಲು ಶೂಟರ್‌ಗಳಿಗೆ ಕೊಡುವ ಸೂಚನೆಯಲ್ಲಿ, ಬರೆದು ಓದಿ ಹೇಳಿ. ಆದರೆ ಅದೇ ನೆಟ್ಟನ್ನು ಟಾರ್ಗೆಟ್‌ನ ಅರ್ಧ ಮುಚ್ಚಲು ಬಳಸಬೇಡಿ. ನೆಟ್ಟಿನಲ್ಲಿ ಗುಂಡಿನ ತೂತು ಹುಡುಕುವುದು ಅಂದರೆ ಹುಲ್ಲಿನಲ್ಲಿ ಸೂಜಿ ಹುಡುಕಿದಂತೆ. ಗುಂಡು ಮರೆಯ ಮೂಲಕ ಬಂತೋ ನೇರ ಬಂತೋ ಅಂತ ತೀರ್ಮಾನಿಸಲು ಆಗುವುದೇ ಇಲ್ಲ. ಟಾರ್ಗೆಟ್ ಮುಚ್ಚಲು ಬಣ್ಣವೇ ಸರಿ.

ಸಣ್ಣ ಟಾರ್ಗೆಟ್, ಓರೆ ಟಾರ್ಗೆಟ್

ರೇಂಜ್ ಉದ್ದ ಕಡಿಮೆ ಇದ್ದರೆ ಮಿನಿ ಟಾರ್ಗೆಟ್ ಉಪಯೋಗಕ್ಕೆ ಬರುತ್ತದೆ. ಅದು ದೊಡ್ಡದರ ಮೂರನೇ ಎರಡು ಭಾಗ, ಸುಮಾರು 30 ಸೆಂ.ಮೀ. ಅಗಲ, 38 ಸೆಂ.ಮೀ. ಎತ್ತರ. 10 ಮೀಟರ್‌ನಲ್ಲಿ ನಿಲ್ಲಿಸಿದರೆ ದೊಡ್ಡದನ್ನು 15 ಮೀಟರ್‌ನಲ್ಲಿ ನೋಡಿದಷ್ಟು ಕಾಣುತ್ತದೆ. ದೊಡ್ಡದು, ಮಿನಿ ಎರಡನ್ನೂ ಪಕ್ಕಪಕ್ಕ ಒಂದೇ ಸಾಲಿನಲ್ಲಿ ನಾನು ಇಡುವುದಿಲ್ಲ. ಕಣ್ಣು ದೂರದ ಲೆಕ್ಕ ತಪ್ಪುತ್ತದೆ, ಅದರಿಂದ ಶೂಟಿಂಗ್ ಕಲಿತಂತೆ ಆಗುವುದಿಲ್ಲ.

ಮನೆಯಲ್ಲಿ ಗುಂಡಿಲ್ಲದೆ ಡ್ರೈ ಫೈರ್ ಅಭ್ಯಾಸ ಮಾಡುವವರಿಗೆ ಇನ್ನೂ ಸಣ್ಣದು ಬೇಕು. ಮೂರನೇ ಒಂದು ಅಳತೆ, ಅಂದರೆ 15 ಸೆಂ.ಮೀ. ಅಗಲ, 19 ಸೆಂ.ಮೀ. ಎತ್ತರ. ಜೆರಾಕ್ಸ್ ಅಂಗಡಿಯ ಎ4 ಹಾಳೆಯಲ್ಲಿ ಸರಿಯಾಗಿ ಕೂರುತ್ತದೆ. 5 ಮೀಟರ್ ಉದ್ದದ ಹಜಾರದಲ್ಲಿ ಗೋಡೆಗೆ ಅಂಟಿಸಿದರೆ 15 ಮೀಟರ್ ದೂರದ ಟಾರ್ಗೆಟ್ ಆಯಿತು. ರಟ್ಟಿಗೆ ಮೈದಾ ಅಂಟಿನಿಂದ ಅಂಟಿಸಿ, ಅರ್ಧ ಕಪ್ಪಿನದು, ಓರೆ ಕಪ್ಪಿನದು, ನೋ-ಶೂಟ್ ಇರುವುದು ಅಂತ ಒಂದೊಂದು ಜೊತೆ ಮಾಡಿಟ್ಟುಕೊಳ್ಳಿ. ಆ ಕೋಣೆಯಲ್ಲಿ ಒಂದೇ ಒಂದು ನಿಜವಾದ ಗುಂಡೂ ಇರಬಾರದು, ಪಿಸ್ತೂಲು ಖಾಲಿ ಅಂತ ಎರಡು ಸಲ ನೋಡಿ, ಮ್ಯಾಗಜೀನ್ ಕೂಡ. 4.5 ಎಂಎಂ ಏರ್ ಪಿಸ್ತೂಲಿನಲ್ಲಿ ಅಭ್ಯಾಸ ಮಾಡುವವರಿಗೂ ಈ ಸಣ್ಣ ಅಳತೆ ಒಳ್ಳೆಯದು, ಆದರೆ ಬರೀ ರಟ್ಟು ಅಂಚು ಸೀಳುತ್ತದೆ, ಮೇಲೆ ಕಾಗದ ಅಂಟಿಸಿದರೆ ತೂತು ದುಂಡಗೆ ಬರುತ್ತದೆ. ಪೆಲೆಟ್ ಹಿಂದಕ್ಕೆ ಚಿಮ್ಮದಂತೆ ಹಿಂದೆ ಚಿಂದಿ ತುಂಬಿದ ಡಬ್ಬ ಇರಲಿ, ಕಣ್ಣಿಗೆ ಕನ್ನಡಕ ಇರಲಿ.

ಟಾರ್ಗೆಟನ್ನು ಕತ್ತರಿಸದೆ, ಬಳಿಯದೆ ಬರೀ ತಿರುಗಿಸಿಯೂ ಕಷ್ಟ ಮಾಡಬಹುದು. 45 ಡಿಗ್ರಿ ಪಕ್ಕಕ್ಕೆ ತಿರುಗಿಸಿದರೆ 45 ಸೆಂ.ಮೀ. ಅಗಲ ಸುಮಾರು 32 ಆಗಿ ಕಾಣುತ್ತದೆ. ಆದರೆ ತೂತೂ ಉದ್ದವಾಗುತ್ತದೆ, 9 ಎಂಎಂ ಗುಂಡಿನದು ಹೆಚ್ಚುಕಡಿಮೆ 13 ಎಂಎಂ. ಆ ಉದ್ದ ತೂತು ಎ ಗೆರೆಯನ್ನು ಮುಟ್ಟಿದೆಯಾ ಅನ್ನುವ ಪ್ರಶ್ನೆ ಬಂದೇ ಬರುತ್ತದೆ. 45ಕ್ಕಿಂತ ಜಾಸ್ತಿ ತಿರುಗಿಸುವ ಮೊದಲು ಎಣಿಸುವವರನ್ನು ನೆನೆಸಿಕೊಳ್ಳಿ.

ನಿಲ್ಲಿಸುವುದು, ಪಂದ್ಯದ ದಿನ ನೋಡಿಕೊಳ್ಳುವುದು

ಎರಡು ರೀಪರ್ ನಡುವಿನ ಅಂತರ ಟಾರ್ಗೆಟ್ ಅಗಲಕ್ಕಿಂತ ಸ್ವಲ್ಪ ಕಡಿಮೆ ಇರಲಿ, ಎರಡೂ ಅಂಚು ಕೋಲಿನ ಮೇಲೆ ಕೂರಬೇಕು. ಆಷಾಢದ ಗಾಳಿ ಹೊತ್ತಲ್ಲಿ ಹಿಂದೆ ಅಡ್ಡಕ್ಕೆ ಇನ್ನೊಂದು ರೀಪರ್ ಹೊಡೆಯಿರಿ, ಎ ವಲಯದ ಹಿಂದೆ ಬರದಂತೆ. ಬುಡದ ಮೇಲೆ ಮಣ್ಣು ತುಂಬಿದ ಸಿಮೆಂಟ್ ಚೀಲ. ಕೋಲಿನ ಬುಡದ ಸುತ್ತ ನೆಲದಲ್ಲಿ ಬಣ್ಣದಿಂದ ಗುರುತು, ಕೋಲಿನ ಮೇಲೆ ಟಾರ್ಗೆಟ್‌ನ ಮೇಲಂಚು ಎಲ್ಲಿ ಬರಬೇಕು ಅಂತ ಪೆನ್ಸಿಲ್ ಗುರುತು. ರಟ್ಟು ಬದಲಾಯಿಸುವವರು ಬೇರೆಯವರಾದರೂ ಎತ್ತರ ಬದಲಾಗಬಾರದು.

ನಿಲ್ಲಿಸಿ ಆದಮೇಲೆ ಶೂಟರ್ ನಿಲ್ಲಬಹುದಾದ ಪ್ರತಿ ಜಾಗದಲ್ಲೂ ನಿಂತು ನೋಡಿ. ಎತ್ತರದವರು, ಗಿಡ್ಡದವರು, ಎಡಗೈಯವರು, ಮೂವರನ್ನೂ ನಿಲ್ಲಿಸಿ ಕೇಳಿ. ಪ್ರತಿ ಟಾರ್ಗೆಟ್‌ನ ಹಿಂದೆ ಮಣ್ಣಿನ ದಿಣ್ಣೆ ಇದೆಯಾ, ಗುಂಡು ರಟ್ಟು ದಾಟಿ ಎಲ್ಲಿಗೆ ಹೋಗುತ್ತದೆ ಅಂತ ಕೂತು, ನಿಂತು, ಬಾಗಿ ನೋಡಿ. ನೆಲಕ್ಕೆ ಹತ್ತಿರದ ಟಾರ್ಗೆಟ್ ಇದ್ದರೆ ಅದರ ಹಿಂದಿನ ನೆಲದಲ್ಲಿ ಕಲ್ಲು ಆರಿಸಿ ತೆಗೆಯಿರಿ, ನಮ್ಮ ಮಣ್ಣಿನಲ್ಲಿ ಕಲ್ಲಿಗೆ ಬರವಿಲ್ಲ. ಜೊತೆಗೆ ಲೋಹದ ಪ್ಲೇಟು ಇದ್ದರೆ ಶೂಟರ್ ಅದಕ್ಕೆ ಕನಿಷ್ಠ 7 ಮೀಟರ್ ದೂರದಲ್ಲಿ ಇರಲೇಬೇಕು.

ಪ್ರತಿ ಶೂಟರ್ ಆದಮೇಲೆ ತೂತು ಮುಚ್ಚಬೇಕು. ಕಂದಿಗೆ ಕಂದು ಚೀಟಿ, ಕಪ್ಪಿಗೆ ಕಪ್ಪು, ಬಿಳಿಗೆ ಬಿಳಿ. ಕಪ್ಪಿನ ಮೇಲೆ ಕಂದು ಚೀಟಿ ಅಂಟಿಸಿದರೆ ಮುಂದಿನವರಿಗೆ ಅದೇ ಗುರಿಯಾಗುತ್ತದೆ. ಕಪ್ಪು ಅಂಚಿನಲ್ಲಿ ಬಿದ್ದ ತೂತಿಗೆ ಎರಡೂ ಬಣ್ಣದ ಚೀಟಿಯನ್ನು ಗೆರೆಗೆ ಸರಿಯಾಗಿ ಕತ್ತರಿಸಿ ಅಂಟಿಸಬೇಕು, ಬೇಸರ ಮಾಡಿಕೊಳ್ಳಬೇಡಿ. ಚೆನ್ನಾಗಿ ಹೊಡೆಯುವವರ ಸ್ಕ್ವಾಡ್ (ಗುಂಪು) ಬಂದು ಹೋದರೆ ಎ ವಲಯದ ನಡುವೆ ಚೀಟಿಯ ಮೇಲೆ ಚೀಟಿ ಕೂತು ಗಂಟಾಗುತ್ತದೆ, ಆಗ ತೂತು ಸರಿಯಾಗಿ ಬೀಳುವುದಿಲ್ಲ. ಗಂಟು ಕೈಗೆ ಸಿಕ್ಕಿದ ಕೂಡಲೇ ರಟ್ಟು ಬದಲಾಯಿಸಿ. ಅದನ್ನೂ ಶೂಟರ್‌ಗಳ ನಡುವೆ ಮಾಡಿ, ಸ್ಟೇಜ್ ನಡೆಸುವ ರೇಂಜ್ ಆಫೀಸರ್‌ಗೆ ಹೇಳಿ, ಅಚ್ಚು ಇಟ್ಟು ತೋರಿಸಿ ಮಾಡಿ.

ಮಳೆ ಬಂದರೆ ಪಾರದರ್ಶಕ ಪ್ಲಾಸ್ಟಿಕ್ ಚೀಲವನ್ನು ತಲೆಯಿಂದ ಕೆಳಗೆ ಹಾಕಿ, ಬಾಯಿ ಕೆಳಗಿರಲಿ. ಹಿಂಗಾರಿನಲ್ಲಿ ಒಮ್ಮೆ ಬಾಯಿ ಮೇಲೆ ಮಾಡಿ ಹಾಕಿದ್ದೆವು, ಚೀಲದ ತಳದಲ್ಲಿ ನೀರು ನಿಂತು ರಟ್ಟಿನ ಕೆಳ ಅರ್ಧ ಅಂಬಲಿಯಾಯಿತು. ಒಂದು ಟಾರ್ಗೆಟ್‌ಗೆ ಚೀಲ ಹಾಕಿದರೆ ಆ ಸ್ಟೇಜಿನ ಎಲ್ಲದಕ್ಕೂ ಹಾಕಿ, ಹೊಳಪು ಎಲ್ಲರಿಗೂ ಒಂದೇ ಇರಲಿ.

ಸಂಜೆ ಕಳಚುವಾಗ ಟ್ಯಾಕರ್ ಪಿನ್ನುಗಳನ್ನು ಕಿತ್ತು ಡಬ್ಬಿಗೆ ಹಾಕಿ, ಬರಿಗಾಲಿನಲ್ಲಿ ಓಡಾಡುವವರ ಕಾಲಿಗೆ ಚುಚ್ಚಬಾರದು. ಹೊಡೆದ ರಟ್ಟನ್ನು ಗುಜರಿಗೆ ಕೊಡುವ ಮೊದಲು ಒಂದೊಂದು ಮಾದರಿಯದ್ದು ಒಂದನ್ನು ಉಳಿಸಿಕೊಳ್ಳಿ, ಫಲಿತಾಂಶದ ಬಗ್ಗೆ ಯಾರಾದರೂ ಕೇಳಿದರೆ ಅಚ್ಚಿನ ಜೊತೆ ಇಟ್ಟು ತೋರಿಸಬಹುದು. ಅಚ್ಚುಗಳನ್ನು ಒಣ ಜಾಗದಲ್ಲಿ ಚಪ್ಪಟೆಯಾಗಿ ಮಲಗಿಸಿ ಇಡಿ. ಗೋಡೆಗೆ ಒರಗಿಸಿ ಇಟ್ಟರೆ ಮೂರು ಎಂಎಂ ಪ್ಲೈ ಬಾಗುತ್ತದೆ, ಮುಂದಿನ ಸಲ ಗೆರೆ ನೆಟ್ಟಗೆ ಬರುವುದಿಲ್ಲ.